ಅಂಕಲ್ ಅಂದರೆ ಕಾಕಾನೋ, ಮಾಮಾನೋ?

ಊರಿಗೆ ಬಂದ ಮುಂಬಯಿಯ ವ್ಯಾಪಾರಿಯೊಬ್ಬರು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರನ್ನು ತೋರಿಸಿ, "ಇವರು ನಿನಗೇನಾಗಬೇಕು?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಶಾಲೆಯಿಂದ ಆಗಷ್ಟೇ ಬಂದ ಹುಡುಗ ಥಟ್ಟನೆ "ಮೈ ಅಂಕಲ್" ಎನ್ನುತ್ತಾನೆ. ಉತ್ತರ ತಪ್ಪಲ್ಲ. ಆದರೆ ಅವರು ಅಂಗಡಿಯಲ್ಲಿ ಪಾಲುಳ್ಳ ಕಾಕಾನೋ, ರಜೆಗೆ ಬಂದ ಮಾಮಾನೋ, ಬರೀ ಪರಿಚಯದವರೋ ಎಂಬುದು ಬಂದವರಿಗೆ ತಿಳಿಯಲಿಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮೂರು ಭಾಷೆ ಬರುವುದು ಭಾಗ್ಯವೇ. ಆದರೆ ಸಂಬಂಧದ ಮಾತುಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ಸಾಲದು. ಒಂದು ಭಾಷೆ ಎಲ್ಲಿ ಗೆರೆ ಎಳೆಯುತ್ತದೋ, ಇನ್ನೊಂದು ಅಲ್ಲಿ ಎಳೆಯುವುದಿಲ್ಲ.

ನಮ್ಮಲ್ಲಿ ಹಲವು, ಅವರಲ್ಲಿ ಒಂದು

ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆಯ ಗಂಡ, ಚಿಕ್ಕಮ್ಮನ ಗಂಡ, ಎಲ್ಲರೂ ಅಂಕಲ್. ಅಕ್ಕನ ಗಂಡ, ಹೆಂಡತಿಯ ತಮ್ಮ, ಗಂಡನ ಅಣ್ಣ, ಎಲ್ಲರೂ ಬ್ರದರ್-ಇನ್-ಲಾ. ಚಿಕ್ಕಪ್ಪನ ಮಗಳೂ ಕಸಿನ್, ಸೋದರಮಾವನ ಮಗಳೂ ಕಸಿನ್. ನಮ್ಮಲ್ಲಿ ಮೊದಲನೆಯವಳು ತಂಗಿ. ಎರಡನೆಯವಳನ್ನು ಮನೆಗೆ ಸೊಸೆಯಾಗಿ ತರುವ ರೂಢಿ ಎಷ್ಟೋ ಮನೆತನಗಳಲ್ಲಿದೆ. ಇನ್ನು ಬೀಗರಿಗೆ ಇಂಗ್ಲಿಷಿನಲ್ಲಿ ಬಳಕೆಯ ಮಾತೇ ಇಲ್ಲ. "ನನ್ನ ಮಗಳ ಮಾವ" ಎಂದು ಬಿಡಿಸಿಯೇ ಹೇಳಬೇಕು.

ಇದರ ತಿರುವುಮುರುವೂ ಉಂಟು. ನಮಗೆ ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಇಂಗ್ಲಿಷಿನಲ್ಲಿ ಮೊದಲನೆಯವರು ಆಂಟ್, ಎರಡನೆಯವರು ಮದರ್-ಇನ್-ಲಾ. ಆರನೆಯ ಇಯತ್ತೆಯ ಹುಡುಗಿ "ನಮ್ಮತ್ತೆ ಬಂದಿದ್ದಾರೆ" ಎಂಬುದನ್ನು ಮದರ್-ಇನ್-ಲಾ ಎಂದು ಬರೆದರೆ ತರಗತಿಯೆಲ್ಲ ನಕ್ಕೀತು!

ಇಂಗ್ಲಿಷೂ ಹಿಂದೆ ಹೀಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ತಂದೆಯ ಸೋದರನಿಗೊಂದು, ತಾಯಿಯ ಸೋದರನಿಗೊಂದು ಬೇರೆ ಬೇರೆ ಹೆಸರಿತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನಿಂದ ಅಂಕಲ್ ಬಂದಿತು. ಹಳೆಯ ಎರಡೂ ಕ್ರಮೇಣ ಮರೆಯಾದವು. ಸೋಜಿಗವೆಂದರೆ, ಆ ಅಂಕಲ್ ಶಬ್ದದ ಲ್ಯಾಟಿನ್ ಮೂಲಕ್ಕೆ ಸೋದರಮಾವನೆಂದೇ ಅರ್ಥ; ಆಂಟ್ ಶಬ್ದದ ಮೂಲಕ್ಕೆ ಸೋದರತ್ತೆ ಎಂದರ್ಥ. ಬಳಸದ ಮಾತು ಅಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಾಗದದ ಮೇಲೆ ತಪ್ಪಿದರೆ

ದೊಡ್ಡಪ್ಪನ ಮಗನನ್ನು ನಾವು ಅಣ್ಣನೆಂದೇ ಕರೆಯುತ್ತೇವೆ. ಇಂಗ್ಲಿಷಿನಲ್ಲಿಯೂ ಬ್ರದರ್ ಎಂದು ಬರೆದುಬಿಡುತ್ತೇವೆ. ಮಾತಿನಲ್ಲಿ ಅದು ಪ್ರೀತಿ, ಲೆಕ್ಕಪತ್ರದಲ್ಲಿ ತಪ್ಪು. ಆದಾಯ ತೆರಿಗೆಯ ಕಾನೂನಿನಂತೆ, ಒಡಹುಟ್ಟಿದ ಅಣ್ಣ ಕೊಟ್ಟ ಉಡುಗೊರೆಯ ಹಣಕ್ಕೆ ತೆರಿಗೆಯಿಲ್ಲ. ದೊಡ್ಡಪ್ಪನೇ ಕೊಟ್ಟರೂ ಇಲ್ಲ. ಆದರೆ ದೊಡ್ಡಪ್ಪನ ಮಗ ಕಾನೂನಿನ ಸಂಬಂಧಿಕರ ಪಟ್ಟಿಯಲ್ಲಿಲ್ಲ. ಮದುವೆಯ ಉಡುಗೊರೆಯಂತಹ ವಿನಾಯಿತಿಗಳನ್ನು ಬಿಟ್ಟರೆ, ಪಟ್ಟಿಯಲ್ಲಿಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ಮೀರಿ ಬಂದ ಹಣವೆಲ್ಲ ಆದಾಯವೆಂದೇ ಲೆಕ್ಕ. ಆದ್ದರಿಂದ ಬ್ರದರ್, ಕಸಿನ್ ಎಂಬ ಎರಡು ಮಾತುಗಳ ಅಂತರ ವ್ಯಾಕರಣದ್ದಷ್ಟೇ ಅಲ್ಲ.

ಪಾರ್ಟ್ನರ್ ಎಂಬ ಮಾತೂ ಹಾಗೆಯೇ. ಗೆಳೆಯನನ್ನು ಸಲಿಗೆಯಿಂದ ಪಾರ್ಟ್ನರ್ ಎಂದು ಪರಿಚಯಿಸುವವರಿದ್ದಾರೆ. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ, ತಾನು ಪಾಲುದಾರನೆಂದು ಹೇಳಿಕೊಂಡವನು, ಅಥವಾ ತಿಳಿದೂ ಹಾಗೆ ಹೇಳಿಸಿಕೊಂಡವನು, ಅದನ್ನು ನಂಬಿ ಅಂಗಡಿಗೆ ಉದ್ರಿ ಕೊಟ್ಟವರಿಗೆ ಹೊಣೆಗಾರನಾಗುತ್ತಾನೆ.

ವಿಟ್ನೆಸ್ ಮತ್ತು ಗ್ಯಾರಂಟರ್ ಇವೆರಡನ್ನು ಹೆಣ್ಣುಮಕ್ಕಳಿಗೂ ತಪ್ಪದೆ ಕಲಿಸಬೇಕು. ವಿಟ್ನೆಸ್ ಎಂದರೆ ಸಹಿ ಹಾಕಿದ್ದನ್ನು ಕಂಡ ಸಾಕ್ಷಿ. ಗ್ಯಾರಂಟರ್ ಎಂದರೆ ಜಾಮೀನುದಾರ. 1872ರ ಕರಾರು ಕಾಯಿದೆಯಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನಿಗಿರುವಷ್ಟೇ ಹೊಣೆ ಅವನಿಗೂ ಇದೆ. "ಸುಮ್ಮನೆ ಒಂದು ಸಹಿ" ಎಂದು ಯಾರಾದರೂ ಕಾಗದ ಚಾಚಿದಾಗ ಈ ಒಂದು ಶಬ್ದ ಓದಬಲ್ಲವಳು ಮನೆಯನ್ನೇ ಉಳಿಸಿಯಾಳು.

ಮನೆಯಲ್ಲಿ ಮಾಡಬಹುದಾದದ್ದು

ಒಂದು ದೊಡ್ಡ ಹಾಳೆಯಲ್ಲಿ ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ಪ್ರತಿಯೊಬ್ಬರ ಹೆಸರಿನ ಕೆಳಗೆ ಮಗು ಕರೆಯುವ ಮಾತನ್ನು ಮೊದಲು ಬರೆಯಲಿ. ಅದರ ಕೆಳಗೆ ಇಂಗ್ಲಿಷ್ ಶಬ್ದ. ಅದರ ಕೆಳಗೆ ಬಿಡಿಸಿದ ಅರ್ಥ: "ಫಾದರ್ಸ್ ಎಲ್ಡರ್ ಬ್ರದರ್", "ಮದರ್ಸ್ ಬ್ರದರ್" ಹೀಗೆ. ಮೂರನೆಯ ಸಾಲನ್ನು ಬಿಡಬೇಡಿರಿ. ಪರವೂರಿನವರಿಗೆ ಸಂಬಂಧ ತಿಳಿಯುವುದು ಆ ಸಾಲಿನಿಂದಲೇ.

ಅಂಗಡಿಯ ಮಾತುಗಳನ್ನು ಖಾತೆ ಪುಸ್ತಕದಿಂದಲೇ ಕಲಿಸಬಹುದು. ನಾವು ಹಣ ಕೊಡಬೇಕಾದವರು ಕ್ರೆಡಿಟರ್, ನಮಗೆ ಕೊಡಬೇಕಾದವರು ಡೆಟರ್. ಹೆಸರು ತೋರಿಸಿ "ಇವರು ಯಾರು?" ಎಂದು ಕೇಳಿದರೆ, ಎರಡೇ ಸಂಜೆಗಳಲ್ಲಿ ಮಗುವಿಗೆ ಬರುತ್ತದೆ.

ಹಾಳೆ ಬರೆಯುವಾಗ ಅಜ್ಜಿಯನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿರಿ. ಯಾರಿಗೆ ಯಾರು ಏನಾಗಬೇಕೆಂಬುದು ಅವರಿಗೇ ಚೆನ್ನಾಗಿ ಗೊತ್ತು. ಮಗು ಹೊರಗಿನವರಿಗೆ ಅಂಕಲ್ ಎಂದು ಹೇಳಲಿ, ಅಡ್ಡಿಯಿಲ್ಲ. ಆದರೆ ಕಾಕಾನನ್ನು ಕಾಕಾ ಎಂದು, ಮಾಮಾನನ್ನು ಮಾಮಾ ಎಂದು ಕೂಗುವುದನ್ನು ಮಾತ್ರ ಬಿಡದಿರಲಿ.