ಲಾಬಿ ಗೆರೆಗೆ ಒಂದೇ ನ್ಯಾಯ ಬೇಕು

ಏಷ್ಯನ್ ಕ್ರೀಡಾಕೂಟದ ಫೈನಲ್ ನಿಲ್ಲಿಸಿದ ಕಬಡ್ಡಿ ನಿಯಮ ರಾಮನಗರ ಸೀಮೆಯ ಮಣ್ಣಿನ ಅಂಕಣಗಳಿಗೂ ಒಂದು ಪಾಠ

ಚೀನಾದ ಹಾಂಗ್‌ಝೌ, 2023ರ ಅಕ್ಟೋಬರ್ 7. ಪುರುಷರ ಕಬಡ್ಡಿ ಫೈನಲ್‌ನಲ್ಲಿ ಭಾರತ 28, ಇರಾನ್ 28. ಆಟ ಕೊನೆಯ ಗಳಿಗೆಯಲ್ಲಿತ್ತು. ಅಂಕ ತರದಿದ್ದರೆ ರೇಡರ್ ಔಟ್ ಆಗುವ ‘ಮಾಡು ಇಲ್ಲವೇ ಮಡಿ’ ರೇಡ್‌ಗೆ ಹೋದವರು ನಾಯಕ ಪವನ್ ಸೆಹ್ರಾವತ್. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿ ಕಪ್ ಗೆದ್ದುಕೊಟ್ಟ ಆಟಗಾರ, ನಮ್ಮ ಹುಡುಗರ ಅಚ್ಚುಮೆಚ್ಚು. ಎದುರಾಳಿಯನ್ನು ಮುಟ್ಟುವ ಮೊದಲೇ ಪವನ್ ಕಾಲು ಲಾಬಿಗೆ ಬಿತ್ತು. ಹಿಡಿಯಲು ನುಗ್ಗಿದ ನಾಲ್ವರು ಡಿಫೆಂಡರ್‌ಗಳೂ ಅವರ ಹಿಂದೆಯೇ ಲಾಬಿಗಿಳಿದರು.

ಗೊಂದಲ ಶುರುವಾದದ್ದು ಅಲ್ಲಿಂದ.

ಎರಡು ನಿಯಮ, ಎರಡು ಲೆಕ್ಕ

ಅಂಕಣದ ಎರಡೂ ಬದಿಗೆ ಇರುವ ಒಂದು ಮೀಟರ್ ಅಗಲದ ಪಟ್ಟಿಯೇ ಲಾಬಿ. ರೇಡರ್ ಯಾರನ್ನಾದರೂ ಮುಟ್ಟಿದ ಮೇಲಷ್ಟೇ ಅದು ಆಟದ ನೆಲವಾಗುತ್ತದೆ. ಮುಟ್ಟದೆ ಕಾಲಿಟ್ಟ ರೇಡರ್ ಔಟ್, ಇದರಲ್ಲಿ ತಕರಾರಿಲ್ಲ. ಹಿಂದೆ ಬಂದ ಡಿಫೆಂಡರ್‌ಗಳ ಗತಿ ಏನು? ಹಳೆಯ ನಿಯಮದಲ್ಲಿ ಅವರೂ ಔಟ್. ಪ್ರೊ ಕಬಡ್ಡಿಯಲ್ಲಿ ಬಳಕೆಗೆ ಬಂದ ಹೊಸ ನಿಯಮದಲ್ಲಿ ರೇಡರ್ ಒಬ್ಬನೇ ಔಟ್, ರೇಡ್ ಅಲ್ಲಿಗೇ ಮುಗಿಯಿತು.

ತೀರ್ಪು ಒಮ್ಮೆ ಅತ್ತ, ಒಮ್ಮೆ ಇತ್ತ ಹೊರಳಿತು. ಎರಡೂ ತಂಡಗಳು ಪ್ರತಿಭಟಿಸಿದವು. ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಹಳೆಯ ನಿಯಮದಂತೆ ಭಾರತಕ್ಕೆ ನಾಲ್ಕು, ಇರಾನ್‌ಗೆ ಒಂದು ಅಂಕ ಸಿಕ್ಕಿತು. ಆಟ ಮುಂದುವರಿದು, 33–29ರಿಂದ ಗೆದ್ದ ಭಾರತ ಎಂಟನೇ ಚಿನ್ನ ಪಡೆಯಿತು. ಬೆವರು ಸುರಿಸಿ ಗಳಿಸಿದ ಆ ಗೆಲುವಿನ ಜೊತೆಗೆ ತಕರಾರಿನ ಹೆಸರೂ ಅಂಟಿಕೊಂಡಿತು.

ಅಮೆರಿಕದಲ್ಲೂ ಹೀಗೇ

2002ರ ಜನವರಿ 19ರಂದು ಹಿಮ ಸುರಿಯುತ್ತಿದ್ದ ಮೈದಾನದಲ್ಲಿ ನಡೆದ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಟಾಮ್ ಬ್ರೇಡಿ ಕೈಯಿಂದ ಚೆಂಡು ಜಾರಿತು. ಎದುರಾಳಿ ಓಕ್ಲೆಂಡ್ ರೇಡರ್ಸ್ ಅದನ್ನು ವಶಪಡಿಸಿಕೊಂಡಿತು. ಆದರೆ, ಎಸೆಯಲು ಮುಂದೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಳ್ಳುವಾಗ ಚೆಂಡು ಜಾರಿದರೂ ಪಾಸ್ ಎಂದೇ ಎಣಿಸುವ ‘ಟಕ್ ರೂಲ್’ ಪ್ರಕಾರ ಅದು ಗುರಿ ಮುಟ್ಟದ ಪಾಸ್ ಎಂದು ರೆಫರಿ ತೀರ್ಪಿತ್ತರು. ಪೇಟ್ರಿಯಟ್ಸ್ 16–13ರಿಂದ ಗೆದ್ದು, ಆ ಸಾಲಿನ ಲೀಗ್ ಫೈನಲ್ ಆದ ಸೂಪರ್ ಬೌಲ್ ಕೂಡ ತನ್ನದಾಗಿಸಿಕೊಂಡಿತು. ನಿಯಮ ರದ್ದಾದದ್ದು 2013ರಲ್ಲಿ. ಅಲ್ಲಿ ಜನರನ್ನು ಕೆರಳಿಸಿದ್ದು ಪುಸ್ತಕದಲ್ಲಿದ್ದ ನಿಯಮವೇ. ಹಾಂಗ್‌ಝೌನಲ್ಲಿ ಯಾವ ಪುಸ್ತಕ ಎಂಬುದೇ ಜಗಳವಾಯಿತು. ಎರಡನೆಯದು ಹೆಚ್ಚು ಅಪಾಯಕಾರಿ.

ನಮ್ಮ ಅಂಕಣದಲ್ಲಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹುಡುಗರು ಮ್ಯಾಟ್ ಕಬಡ್ಡಿಯನ್ನು ಟಿ.ವಿ.ಯಲ್ಲಿ ನೋಡುತ್ತಾರೆ, ಆಡುವುದು ಹೆಚ್ಚಾಗಿ ಮಣ್ಣಿನಲ್ಲಿ. ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಸುಣ್ಣದ ಗೆರೆ ಕಾಲ ತುಳಿತಕ್ಕೆ ಬೇಗ ಅಳಿಸುತ್ತದೆ. ಮರುಪರಿಶೀಲನೆಗೆ ಕ್ಯಾಮೆರಾ ಇರುವುದಿಲ್ಲ. ಟಿ.ವಿ. ನೋಡಿ ಕಲಿತವನು ಹೊಸ ನಿಯಮ ಹೇಳುತ್ತಾನೆ, ಹಿರಿಯ ಅಂಪೈರ್ ಹಳೆಯದನ್ನು. ಇಬ್ಬರೂ ಪ್ರಾಮಾಣಿಕರೇ ಇರಬಹುದು, ಆದರೂ ಊರು ಊರುಗಳ ನಡುವೆ ಮನಸ್ತಾಪ ಉಳಿಯುತ್ತದೆ.

ನನ್ನ ಮತ ಹೊಸ ನಿಯಮಕ್ಕೆ. ರೇಡರ್ ಮಾಡಿದ ತಪ್ಪು ಅವನ ತಂಡಕ್ಕೇ ಅಂಕ ತರಬಾರದು. ಆದರೆ ಇದಕ್ಕಿಂತ ದೊಡ್ಡ ಮಾತು, ಆಡುವ ಎರಡೂ ತಂಡಗಳಿಗೆ ಒಂದೇ ನಿಯಮ ಮೊದಲೇ ಗೊತ್ತಿರುವುದು. ಪಂದ್ಯಾವಳಿಯ ಕರಪತ್ರದಲ್ಲಿ ಪ್ರವೇಶ ಶುಲ್ಕ, ಬಹುಮಾನ ಅಚ್ಚಾಗುತ್ತವೆ. ಅದೇ ಕಾಗದದಲ್ಲಿ ಲಾಬಿ ನಿಯಮಕ್ಕೂ ಎರಡು ಸಾಲು ಕೊಡಿ. ಟಾಸ್‌ಗೆ ಮುಂಚೆ ಇಬ್ಬರು ನಾಯಕರೆದುರು ಅದನ್ನು ಓದಿಸಿ. ಏಷ್ಯಾದ ಫೈನಲ್‌ನಲ್ಲಿ ಆಗದ ಈ ಕೆಲಸವನ್ನು ನಮ್ಮ ಊರಿನ ಸಮಿತಿಗಳು ಮುಂದಿನ ಪಂದ್ಯಾವಳಿಯಲ್ಲೇ ಮಾಡಿ ತೋರಿಸಬಹುದು.