ಮಾಟುಂಗದಲ್ಲಿ ಮಧ್ಯಾಹ್ನದ ಊಟ

ಮುಂಬಯಿಗೆ ಹೋಗುವವರೆಲ್ಲ ಪ್ರವಾಸಿಗರಲ್ಲ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಮನೆಯವರನ್ನು ಕರೆದುಕೊಂಡು ಹೋಗುವವರಿದ್ದಾರೆ, ಸಂದರ್ಶನಕ್ಕೆಂದು ರಾತ್ರಿ ರೈಲು ಹತ್ತುವ ಹುಡುಗ ಹುಡುಗಿಯರಿದ್ದಾರೆ, ಮಗಳ ಸಂಸಾರ ನೋಡಿಕೊಂಡು ಬರಲು ಹೊರಟ ಅಪ್ಪ ಅಮ್ಮ ಇದ್ದಾರೆ. ಅಲ್ಲಿನ ಕೋಣೆ ಬಾಡಿಗೆಯಲ್ಲಿ ಚೌಕಾಶಿ ನಡೆಯುವುದಿಲ್ಲ. ಕೈ ಹಿಡಿತ ಸಾಧ್ಯವಿರುವುದು ಊಟದಲ್ಲಿ ಮಾತ್ರ. ಹಾಗೆಂದು ಮೂರು ಹೊತ್ತೂ ವಡಾಪಾವ್ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಕಾಗಿಲ್ಲ. ದೇಶದ ಅತಿ ದುಬಾರಿ ಊರುಗಳಲ್ಲಿ ಒಂದಾದ ಮುಂಬಯಿಯಲ್ಲೇ ಅನ್ನ, ಸಾರು, ಪಲ್ಯ, ಮಜ್ಜಿಗೆಯ ಪೂರ್ತಿ ಊಟವನ್ನು ಸಾಮಾನ್ಯರ ಕೈಗೆಟಕುವ ಬೆಲೆಗೆ ಬಡಿಸುವ ವ್ಯವಸ್ಥೆಯೊಂದು ಎಂಬತ್ತು ವರ್ಷಗಳಿಗೂ ಮಿಕ್ಕಿ ನಡೆದುಬಂದಿದೆ. ಅದನ್ನು ಕಟ್ಟಿದವರಲ್ಲಿ ಹೆಚ್ಚಿನವರು ನಮ್ಮ ಕರಾವಳಿಯವರು. ಅದರ ಮುಖ್ಯ ಠಾಣೆ ಮಾಟುಂಗ.

ದಾರಿಯನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೊಸಬರು ಎಡವುವುದು ಅಲ್ಲೇ. ಮಾಟುಂಗಕ್ಕೆ ಮೂರು ರೈಲು ನಿಲ್ದಾಣಗಳು. ಸೆಂಟ್ರಲ್ ಲೈನಿನಲ್ಲಿ ದಾದರ್ ಆದಮೇಲೆ ಬರುವುದು ಮಾಟುಂಗ. ವೆಸ್ಟರ್ನ್ ಲೈನಿನಲ್ಲಿರುವುದು ಮಾಟುಂಗ ರೋಡ್. ಹಾರ್ಬರ್ ಲೈನಿನದು ಕಿಂಗ್ಸ್ ಸರ್ಕಲ್. ನಿಮಗೆ ಬೇಕಾದದ್ದು ಮೊದಲನೆಯದು. ಅಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ, ಸ್ಲೋ ಲೋಕಲನ್ನೇ ಹಿಡಿಯಬೇಕು. 2017ರಲ್ಲಿ ಪೂರ್ತಿಯಾಗಿ ಮಹಿಳಾ ಸಿಬ್ಬಂದಿಯ ಕೈಗೆ ಬಂದು ದೇಶದ ಗಮನ ಸೆಳೆದ ನಿಲ್ದಾಣ ಅದೇ. ಪೂರ್ವದ ಬದಿಗೆ ಇಳಿದರೆ ಎದುರಿಗೆ ತರಕಾರಿ ಮಾರುಕಟ್ಟೆ, ಹೂವಿನ ಅಂಗಡಿ, ಬಾಳೆಎಲೆ ಮಾರುವವರು. ಮಲ್ಲಿಗೆ, ಕರಿಬೇವು, ಫಿಲ್ಟರ್ ಕಾಫಿಯ ಪುಡಿ ಎಲ್ಲವೂ ಸಿಗುವ ಆ ರಸ್ತೆಯಲ್ಲಿ ನಿಂತರೆ ನಮ್ಮ ಯಾವುದೋ ಊರಿನ ರಥಬೀದಿಗೆ ಬಂದ ಹಾಗಾಗುತ್ತದೆ.

ದಕ್ಷಿಣದವರು ಇಲ್ಲಿಗೇ ಬಂದು ನೆಲೆಸಲು ಕಾರಣವಿದೆ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಡಿಯಿತು. ಗಾಳಿ ಬೆಳಕಿಲ್ಲದ ಹಳೆಯ ಗಲ್ಲಿಗಳಲ್ಲಿ ಜನ ಸಾಲುಸಾಲಾಗಿ ಸತ್ತರು. ಎರಡು ವರ್ಷದ ಬಳಿಕ, 1898ರಲ್ಲಿ, ಸರ್ಕಾರ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ಊರಿನ ಉತ್ತರದಂಚಿನಲ್ಲಿ ದಾದರ್, ಮಾಟುಂಗ, ಸಯನ್‌ಗಳನ್ನು ಅಗಲ ರಸ್ತೆ, ಮರದ ಸಾಲು, ಉದ್ಯಾನಗಳ ಸಮೇತ ಹೊಸ ಬಡಾವಣೆಗಳನ್ನಾಗಿ ರೂಪಿಸಿದ್ದು ಆ ಟ್ರಸ್ಟೇ. ರೈಲ್ವೆ, ಬ್ಯಾಂಕು, ಸರ್ಕಾರಿ ಕಚೇರಿಗಳ ಗುಮಾಸ್ತಿಕೆಗೆ ದಕ್ಷಿಣದಿಂದ ಬಂದ ತಮಿಳರು, ಪಾಲಕ್ಕಾಡಿನವರು, ಕನ್ನಡಿಗರು, ಕೊಂಕಣಿಗರು ಇಲ್ಲಿ ಮನೆ ಹಿಡಿದರು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಂದಿಗೂ ಇದೇ ಮಾಟುಂಗದ ಭಾವುದಾಜಿ ರಸ್ತೆಯಲ್ಲಿದೆ. ಬಂದವರಲ್ಲಿ ಮದುವೆಯಾಗದ, ಇಲ್ಲವೇ ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದ ಗಂಡಸರು ಬಹಳ. ಒಂದು ಖೋಲಿಯಲ್ಲಿ ನಾಲ್ಕಾರು ಜನ, ಅಡುಗೆಗೆ ಜಾಗವಿಲ್ಲ, ಬೇಯಿಸಲು ಪುರುಸೊತ್ತೂ ಇಲ್ಲ. ಅವರ ಎರಡು ಹೊತ್ತಿನ ಊಟ ಯಾರಾದರೂ ನೋಡಿಕೊಳ್ಳಬೇಕಿತ್ತು.

ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂಥ ಊಟದ ಮನೆಗಳಲ್ಲಿ ಬಲು ಪ್ರಸಿದ್ಧವಾದದ್ದು. ಉಡುಪಿ ಸೀಮೆಯಿಂದ ಎಳೆಯ ವಯಸ್ಸಿನಲ್ಲೇ ಮುಂಬಯಿ ಸೇರಿ, ಹೋಟೆಲಿನ ಸಣ್ಣ ಕೆಲಸದಿಂದ ಮೇಲೆ ಬಂದವರು ಅವರು. ಕಾಲವಂತೂ ಒಳ್ಳೆಯದಿರಲಿಲ್ಲ. ಯುದ್ಧ ನಡೆದಿತ್ತು. ಬಾಗಿಲು ತೆರೆದ ಮರುವರ್ಷವೇ ಮುಂಬಯಿಯಲ್ಲಿ ಧಾನ್ಯಕ್ಕೆ ಪಡಿತರ ಬಂತು. ಅಕ್ಕಿಯೇ ಸಿಗದ ದಿನಗಳಲ್ಲಿ ಅನ್ನದ ಹೋಟೆಲು ನಡೆಸುವುದೆಂದರೆ ಏನೆಂದು ಊಹಿಸಿಕೊಳ್ಳಿ. ಅಂಥ ಬಿಗಿಯ ಕಾಲದಲ್ಲಿ ಬೇರು ಬಿಟ್ಟ ಮನೆ ಇದು.

ನಿಲ್ದಾಣದ ಎದುರು, ಮಾರುಕಟ್ಟೆಯ ಕಟ್ಟಡದ ಮೊದಲ ಮಹಡಿಯಲ್ಲಿ ಬೋರ್ಡಿಂಗ್ ಇದೆ. ಮೆಟ್ಟಿಲು ಹತ್ತಿದರೆ ಮೊದಲು ಸಿಗುವುದು ಗಲ್ಲಾ. ಎಲೆಯೂಟ ಬೇಕೋ, ಪ್ಲೇಟ್ ಊಟ ಸಾಕೋ ಹೇಳಿ, ದುಡ್ಡು ಕೊಟ್ಟು ಕೂಪನ್ ಪಡೆಯಬೇಕು. ಪ್ಲೇಟಿನದು ಇಂತಿಷ್ಟೇ ಎಂಬ ಊಟ. ಎಲೆಯದು ಸಾಕೆನ್ನುವವರೆಗೂ ಬಡಿಸುವ ಊಟ. ಕೂಪನ್ ಕೈಗೆ ಬಂದಮೇಲೆ ಸರದಿಗೆ ಕಾಯಬೇಕು. ಕರೆದಾಗ ಯಾವ ಕುರ್ಚಿ ಖಾಲಿ ಇದೆಯೋ ಅಲ್ಲಿ, ಗುರುತಿಲ್ಲದವರ ಪಕ್ಕದಲ್ಲೇ ಕೂರಬೇಕು. ಎಲೆ ಬೀಳುತ್ತದೆ, ನೀರು ಚಿಮುಕಿಸಿ ಒರೆಸಿಕೊಳ್ಳುತ್ತೀರಿ, ಅಷ್ಟರಲ್ಲಿ ಪಲ್ಯದವರು ಬಂದಾಗಿರುತ್ತದೆ. ಚಪಾತಿ ಅಥವಾ ಪೂರಿ, ಎರಡು ಬಗೆಯ ಪಲ್ಯ, ಸಾಂಬಾರು, ಸಾರು, ಹಪ್ಪಳ, ಉಪ್ಪಿನಕಾಯಿ, ಮೊಸರು ಅಥವಾ ಮಜ್ಜಿಗೆ ಸಾಲಾಗಿ ಬರುತ್ತವೆ. ಸಾರು ತೆಳ್ಳಗೆ, ಬಿಸಿಯಾಗಿ, ಬಟ್ಟಲು ಎತ್ತಿ ಕುಡಿಯುವಂತಿರುತ್ತದೆ. ನನ್ನ ಮಟ್ಟಿಗೆ ಇಡೀ ಊಟದ ಸಾರವೇ ಆ ಸಾರು.

ಇಷ್ಟನ್ನು ಅಗ್ಗಕ್ಕೆ ಕೊಡಲು ಹೇಗೆ ಸಾಧ್ಯ? ಮಾಲೀಕರ ಧಾರಾಳತನದಿಂದ ಎಂದು ಕೆಲವರು ಭಾವಿಸುತ್ತಾರೆ. ಧಾರಾಳತನವೊಂದರಿಂದ ಎಂಬತ್ತು ವರ್ಷ ಹೋಟೆಲು ನಡೆಯುವುದಿಲ್ಲ. ಅಲ್ಲಿ ಒಂದು ಕಟ್ಟುನಿಟ್ಟು ಇದೆ, ಅದನ್ನು ಗಮನವಿಟ್ಟು ನೋಡಬೇಕು. ಆ ಮನೆಯಲ್ಲಿ ದೋಸೆ ಇಡ್ಲಿಯ ತಾಪತ್ರಯವಿಲ್ಲ, ಊಟವೊಂದೇ. ಇಂದಿನ ಪಲ್ಯ ಯಾವುದು ಎಂಬುದನ್ನು ಅಡುಗೆಮನೆ ನಿರ್ಧರಿಸುತ್ತದೆ, ಗಿರಾಕಿಯಲ್ಲ. ಹಾಗಾಗಿ ಆಯಾ ಕಾಲಕ್ಕೆ ಅಗ್ಗವಾಗಿ, ತಾಜಾ ಆಗಿ ಸಿಗುವ ತರಕಾರಿಯನ್ನೇ ಬೇಯಿಸಬಹುದು. ಅದೂ ಮಾರುಕಟ್ಟೆಯ ನೆತ್ತಿಯ ಮೇಲೇ ಕುಳಿತು. ಮೆನು ಚಿಕ್ಕದಾದ್ದರಿಂದ ಮಿಕ್ಕು ಚೆಲ್ಲುವುದು ಕಡಿಮೆ. ಮೊದಲೇ ದುಡ್ಡು ಕಟ್ಟಿರುವುದರಿಂದ ಬಿಲ್ಲು ಬರೆಯುವ, ಚಿಲ್ಲರೆ ತರುವ ಹೊತ್ತು ಉಳಿಯುತ್ತದೆ. ಒಬ್ಬರು ಏಳುತ್ತಲೇ ಇನ್ನೊಬ್ಬರು ಕೂರುವುದರಿಂದ ಒಂದು ಕುರ್ಚಿ ಮಧ್ಯಾಹ್ನದೊಳಗೆ ಎಷ್ಟೋ ಜನರ ಹೊಟ್ಟೆ ತುಂಬಿಸುತ್ತದೆ. ರಸ್ತೆಯ ಮಟ್ಟದಲ್ಲಿಲ್ಲದೆ ಮಹಡಿಯ ಮೇಲಿರುವುದು, ಗೋಡೆಗೆ ಅಲಂಕಾರವಿಲ್ಲದಿರುವುದು, ಇವೆಲ್ಲ ಸೇರಿಯೇ ಎಲೆಯ ಮೇಲಿನ ಬೆಲೆ ಇಳಿಯುತ್ತದೆ. ಮುಚ್ಚುಮರೆಯೂ ಇಲ್ಲ. ಅಡುಗೆಮನೆ ನೋಡಬೇಕೆಂದರೆ ಒಳಗೆ ಹೋಗಿ ನೋಡಬಹುದು. ತಾರಾ ಹೋಟೆಲುಗಳಲ್ಲಿ ಎಷ್ಟು ಕಡೆ ಆ ಮಾತು ಹೇಳುವ ಧೈರ್ಯವಿದೆ?

ಬೆಳಗಿನ ತಿಂಡಿಗೆ ಬೇರೆ ಮನೆಗಳಿವೆ. ಮೈಸೂರ್ ಕೆಫೆ 1936ರದು, ರಾಮಾಶ್ರಯ 1939ರದು, ಕೆಫೆ ಮದ್ರಾಸ್ 1940ರದು. ಎಲ್ಲವೂ ಒಂದರಿಂದೊಂದು ಕಾಲ್ನಡಿಗೆಯ ದೂರದಲ್ಲಿವೆ. ಹೆಸರು ಮದ್ರಾಸ್ ಇದ್ದರೂ ಆ ಕೆಫೆಯನ್ನು ಕಟ್ಟಿದವರು ಗೋಪಾಲ ಕಾಮತ್, ನಮ್ಮ ಕರಾವಳಿಯ ಕಡೆಯವರು. ಭಾನುವಾರ ಬೆಳಿಗ್ಗೆ ಅದರ ಮುಂದೆ ನಿಲ್ಲುವ ಜನಜಂಗುಳಿಯಲ್ಲಿ ಗುಜರಾತಿಗಳೂ ಮರಾಠಿಗರೂ ಸಮಸಮ ಇರುತ್ತಾರೆ. ವಿದ್ಯಾರ್ಥಿಗಳಿಗೆ ಮೊದಲಿನಿಂದಲೂ ಆಸರೆಯಾದದ್ದು ಮೈಸೂರ್ ಕೆಫೆ. ಮಾಟುಂಗದ ರಾಸಾಯನಿಕ ತಂತ್ರಜ್ಞಾನ ಕಾಲೇಜಿನಲ್ಲಿ ಓದಿದ ಮುಖೇಶ್ ಅಂಬಾನಿ ಅಲ್ಲಿನ ಇಡ್ಲಿ ಸಾಂಬಾರನ್ನು ಸಾರ್ವಜನಿಕವಾಗಿಯೇ ನೆನೆದಿದ್ದಾರೆ.

ಆದರೆ ಈ ಮನೆಗಳ ನಿಜವಾದ ಚರಿತ್ರೆ ಇರುವುದು ಅಲ್ಲಿ ತಿಂದವರಲ್ಲಲ್ಲ, ದುಡಿದವರಲ್ಲಿ. ಕಾರ್ಕಳ, ಕುಂದಾಪುರ, ಉಡುಪಿ, ಮಂಗಳೂರು ಕಡೆಯ ಬಡ ಮನೆಗಳಿಂದ ಹತ್ತು ಹನ್ನೆರಡರ ಹುಡುಗರು ಊರಿನವರ, ನೆಂಟರ ಕೈ ಹಿಡಿದು ಮುಂಬಯಿಗೆ ಬಂದರು. ರಸ್ತೆ ಸರಿಯಿಲ್ಲದ ಕಾಲದಲ್ಲಿ ಸ್ಟೀಮರ್ ಹತ್ತಿ ಬಂದರು. ಮೊದಲು ಲೋಟ ತಟ್ಟೆ ತೊಳೆಯುವುದು, ಆಮೇಲೆ ಮೇಜು ಒರೆಸುವುದು, ಆಮೇಲೆ ಬಡಿಸುವ ಮಾಣಿಯಾಗುವುದು, ಅದೃಷ್ಟವಿದ್ದರೆ ಗಲ್ಲಾ, ಇನ್ನೂ ಅದೃಷ್ಟವಿದ್ದರೆ ಸ್ವಂತ ಹೋಟೆಲು. ರಾತ್ರಿ ಮೇಜು ಬೆಂಚುಗಳನ್ನು ಬದಿಗೆ ಸರಿಸಿ ಅಲ್ಲೇ ಮಲಗುವುದು. ಅವರಿಗಾಗಿಯೇ ಮುಂಬಯಿಯಲ್ಲಿ ಕನ್ನಡದ ರಾತ್ರಿಶಾಲೆಗಳು ಹುಟ್ಟಿದವು. ಹಗಲೆಲ್ಲ ಸಾಂಬಾರು ಬಡಿಸಿದ ಕೈ ಸಂಜೆ ಪೆನ್ಸಿಲ್ ಹಿಡಿಯಿತು. ಹಾಗೆ ಓದಿ ಮೆಟ್ರಿಕ್ ದಾಟಿದವರು ಬ್ಯಾಂಕು ಸೇರಿದರು, ವಕೀಲರಾದರು, ಲೇಖಕರಾದರು. ಮುಂಬಯಿ ಕನ್ನಡಿಗರ ಸಂಘ, ಯಕ್ಷಗಾನ ಮೇಳ, ನಾಟಕ, ಪತ್ರಿಕೆ ಎಲ್ಲದರ ಬೆನ್ನಿಗೂ ಹೋಟೆಲಿನ ದುಡ್ಡು, ಹೋಟೆಲಿನ ದುಡಿಮೆ ಇದೆ. ಈ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಪಾಠವಾಗಿಯಾದರೂ ಇಡಬೇಕಿತ್ತು ಎಂದು ನಾನು ಮನಸಾರೆ ನಂಬಿದ್ದೇನೆ.

1974ರಲ್ಲಿ ಭೂಸುಧಾರಣೆ ಬಿಗಿಯಾಗಿ ಜಾರಿಗೆ ಬಂದಮೇಲೆ ಬಂಟ ಸಮುದಾಯದ ಇನ್ನಷ್ಟು ಜನ ಜಮೀನು ಕಳೆದುಕೊಂಡು ಈ ಉದ್ಯಮಕ್ಕೆ ಕಾಲಿಟ್ಟರು. ಅದಕ್ಕೂ ಮುಂಚೆ, ಅರವತ್ತರ ದಶಕದ ಕೊನೆಯಲ್ಲಿ, ದಕ್ಷಿಣದವರ ವಿರುದ್ಧದ ಚಳವಳಿಯಲ್ಲಿ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದಿತ್ತು. ಗಾಜು ಒಡೆದರೂ ಹೋಟೆಲಿನವರು ಊರು ಬಿಡಲಿಲ್ಲ. ಇಂದು ದೋಸೆ ಕಲ್ಲಿನ ಮುಂದೆ ನಿಂತವರು ಉತ್ತರಪ್ರದೇಶದವರೋ ಬಿಹಾರದವರೋ ನೇಪಾಳದವರೋ ಆಗಿರುವುದು ಸಾಮಾನ್ಯ. ಕರಾವಳಿಯ ಮಕ್ಕಳು ಓದಿ ಬೇರೆ ಕೆಲಸ ಹಿಡಿದಿದ್ದಾರೆ. ದೂರದ ಊರಿನಿಂದ ಬಂದ ಹುಡುಗ ತಟ್ಟೆ ತೊಳೆಯುತ್ತ ಮೇಲೇರುವ ಏಣಿ ಮಾತ್ರ ಹಾಗೇ ಇದೆ.

ಮಾಟುಂಗಕ್ಕೆ ಹೋಗಲಾಗದವರಿಗೂ ದಾರಿಯಿದೆ. ನಗರದ ಯಾವ ಮೂಲೆಯಲ್ಲಿದ್ದರೂ ‘ರೈಸ್ ಪ್ಲೇಟ್’ ಎಂದು ಬರೆದ ಹೋಟೆಲು ಹುಡುಕಿ. ಎರಡು ಚಪಾತಿ ಅಥವಾ ಪೂರಿ, ಭಾಜಿ, ದಾಲ್, ಅನ್ನ, ಒಂದಿಷ್ಟು ಮೊಸರು, ಹಪ್ಪಳ. ಮಧ್ಯಾಹ್ನ ಮೂರರ ನಂತರ ಅದು ಸಿಗುವುದು ಅಪರೂಪ. ಅದೇ ಹೋಟೆಲಿನ ಕಾರ್ಡಿನಲ್ಲಿ ಪಂಜಾಬಿ, ಚೈನೀಸ್ ಎಂದು ಪುಟಗಟ್ಟಲೆ ಪಟ್ಟಿ ಇರುತ್ತದೆ. ಅತ್ತ ಹೋದರೆ ಒಂದು ಪನೀರ್ ಪಲ್ಯದ ಬೆಲೆಗೆ ಎರಡು ಊಟ ಕಳೆದುಕೊಳ್ಳುತ್ತೀರಿ. ಎಸಿ ಕೋಣೆ ಇದ್ದಲ್ಲಿ ಅದೇ ತಿಂಡಿಗೆ ದರ ಹೆಚ್ಚಿರುತ್ತದೆ, ಹೊರಗಿನ ಹಾಲ್‌ನಲ್ಲೇ ಕುಳಿತುಕೊಳ್ಳಿ. ಬಿಲ್ಲಿನಲ್ಲಿ ಜಿಎಸ್‌ಟಿ ಬರುತ್ತದೆ, ಅದನ್ನು ಕೊಡಲೇಬೇಕು. ಸೇವಾ ಶುಲ್ಕ ಎಂದು ಬೇರೆ ಸೇರಿಸಿದ್ದರೆ ತೆಗೆಸಬಹುದು, ಅದು ಕಡ್ಡಾಯವಲ್ಲ. ಮೀನು ಬೇಕೆನ್ನುವವರು ಗಲ್ಲಿಯೊಳಗಿನ ಸಣ್ಣ ಲಂಚ್ ಹೋಮ್‌ಗಳಲ್ಲಿ ಬಂಗುಡೆ ಥಾಲಿ ಕೇಳಲಿ. ಫಲಕದಲ್ಲಿ ಲಂಚ್ ಹೋಮ್ ಎಂದಿದ್ದ ಮಾತ್ರಕ್ಕೆ ಅಗ್ಗ ಎಂದುಕೊಳ್ಳಬೇಡಿ. ಗುಮಾಸ್ತರ ಊಟದ ಮನೆಯಾಗಿ ಶುರುವಾದ ಕೆಲವು ಈಗ ಉಳ್ಳವರ ರೆಸ್ಟೋರೆಂಟುಗಳಾಗಿವೆ. ಒಳಹೋಗುವ ಮುನ್ನ ದರಪಟ್ಟಿ ನೋಡಿ.

ಮರಾಠಿ ಊಟದ ರುಚಿ ನೋಡದೆ ಬರುವುದೂ ಸರಿಯಲ್ಲ. ಗಿರಣಿ ಕಾರ್ಮಿಕರಿಗೆ ಮನೆಮನೆಗಳಲ್ಲಿ ಅನ್ನ ಬೇಯಿಸಿ ಹಾಕಿದ ಖಾನಾವಳಿಯ ಹೆಂಗಸರನ್ನು 1975ರಲ್ಲಿ ಪ್ರೇಮಾ ಪುರವ್ ಅನ್ನಪೂರ್ಣಾ ಮಹಿಳಾ ಮಂಡಳದ ಹೆಸರಿನಲ್ಲಿ ಒಗ್ಗೂಡಿಸಿದರು. ಅಲ್ಲಿಯವರೆಗೆ ಆ ಹೆಂಗಸರಿಗೆ ಬಡ್ಡಿಯವನ ಹೊರತು ಸಾಲ ಕೊಡುವವರಿರಲಿಲ್ಲ. ಮಂಡಳ ಬ್ಯಾಂಕಿನ ಬಾಗಿಲು ತೆರೆಸಿತು. ದಾದರ್ ನಿಲ್ದಾಣದ ಹತ್ತಿರ 1910ರಿಂದ ನಡೆಯುತ್ತಿರುವ ಮಾಮಾ ಕಾಣೆಯ ಉಪಾಹಾರ ಗೃಹದಲ್ಲಿ ಬಟಾಟೆ ವಡೆ ತಿಂದು ನೋಡಿ. ಪರೇಲಿನ ಆಸ್ಪತ್ರೆಯಲ್ಲಿ ಇರುವವರಿಗೆ ದಾದರ್ ಒಂದೇ ಸ್ಟೇಷನ್, ಮಾಟುಂಗ ಎರಡು.

ಹೋಗುವವರಲ್ಲಿ ಒಂದು ಬಿನ್ನಹವಿದೆ. ಎಲೆಯೂಟವೆಂದು ಬೇಡದ್ದನ್ನೆಲ್ಲ ಹಾಕಿಸಿಕೊಂಡು ಎಲೆಯಲ್ಲಿ ಬಿಡಬೇಡಿ, ಆ ಬೆಲೆ ಉಳಿದಿರುವುದೇ ಅಂಥ ಮಿಗತೆ ಇಲ್ಲದ್ದರಿಂದ. ಉಂಡಾದ ಮೇಲೆ ಹರಟುತ್ತ ಕೂರಬೇಡಿ, ಮೆಟ್ಟಿಲ ಮೇಲೆ ಹಸಿದವರು ನಿಂತಿರುತ್ತಾರೆ. ಗಲ್ಲಾದಲ್ಲಿ ಹಿಂದಿಯಲ್ಲಿ ತಡವರಿಸುವ ಮೊದಲು ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿಸಿ ನೋಡಿ, ‘ಯಾವೂರು ನಿಮ್ದು?’ ಎಂಬ ಮರುಪ್ರಶ್ನೆ ಬರುವುದು ಹೆಚ್ಚು. ಮಾಟುಂಗದ ಹಲವು ಹೆಸರಾಂತ ಮನೆಗಳಿಗೆ ಸೋಮವಾರ ವಾರದ ರಜೆ, ಆ ದಿನ ಹೋಗಬೇಡಿ. ಮಿಕ್ಕ ದಿನ ಹನ್ನೆರಡು ಗಂಟೆಗೆ ಮೊದಲೇ ಮೆಟ್ಟಿಲು ಹತ್ತಿದರೆ ಹೆಚ್ಚು ಕಾಯಬೇಕಾಗುವುದಿಲ್ಲ.