ಗುಡ್ಡೆಯ ದರ, ಸಂತೆಯ ಸುಂಕ

ಹಳೇಬೀಡು ಸೀಮೆಯ ಸಂತೆಗಳಲ್ಲಿ ಟೊಮೆಟೊ, ಬದನೆ, ಹಸಿಮೆಣಸಿನಕಾಯಿ ಇವತ್ತಿಗೂ ಗುಡ್ಡೆ ಲೆಕ್ಕದಲ್ಲಿ ಬಿಕರಿಯಾಗುತ್ತವೆ. ಗುಡ್ಡೆಗೆ ಇಷ್ಟು ಎಂದು ಕೂಗಿದ ದರ ಸುಲಭಕ್ಕೆ ಅಲ್ಲಾಡುವುದಿಲ್ಲ, ಅಲ್ಲಾಡುವುದು ಗುಡ್ಡೆ. ಮಾಲು ಹೆಚ್ಚು ಬಂದ ವಾರ ಅದು ಉಬ್ಬುತ್ತದೆ, ಮಳೆ ಕೈಕೊಟ್ಟ ವಾರ ಕುಗ್ಗುತ್ತದೆ. ಕೈಯಲ್ಲಿರುವ ಇಪ್ಪತ್ತು ರೂಪಾಯಿಗೆ ಏನು ಸಿಗುತ್ತದೆಂದು ಕೂಲಿಯಿಂದ ಬಂದ ಹೆಂಗಸು ಕಣ್ಣಲ್ಲೇ ಅಳೆದುಕೊಳ್ಳುತ್ತಾಳೆ. ಮೇಲೊಂದು ಹಿಡಿ ಕೊಸರು ಕೇಳುವುದಂತೂ ಇದ್ದೇ ಇದೆ.

ಈ ನೆಲಕ್ಕೆ ವ್ಯಾಪಾರ ಹೊಸದಲ್ಲ. ಹೊಯ್ಸಳೇಶ್ವರ ದೇಗುಲ ಏಳುತ್ತಿದ್ದ 1121ರ ಸುಮಾರಿನಲ್ಲಿ ಇದು ದೋರಸಮುದ್ರ, ಹೊಯ್ಸಳರ ರಾಜಧಾನಿ. ಆ ಕಾಲದ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ ಎಂಬ ನಾಣ್ಯಗಳ ಜೊತೆಗೆ ಕೊಳಗದ ಅಳತೆಯೂ ಬರುತ್ತದೆ, ವರ್ತಕರ ಮುಖಂಡನಾದ ಪಟ್ಟಣಸ್ವಾಮಿಯೂ ಬರುತ್ತಾನೆ. ಸಂತೆ ಕಟ್ಟಿಸಿದವರಿಗೆ ಭೂಮಿ ಕೊಟ್ಟ, ಹೊಸ ಪೇಟೆಗೆ ಬಂದು ನೆಲೆಸುವವರಿಗೆ ಕೆಲವು ಕಾಲ ಸುಂಕ ಬಿಟ್ಟ ಉದಾಹರಣೆಗಳು ನಮ್ಮ ನಾಡಿನ ಶಾಸನಗಳಲ್ಲಿವೆ. ಸುಂಕ ಹಗುರಾದರೆ ಜನ ಸೇರುತ್ತಾರೆ ಎಂಬುದು ಆಳುವವರಿಗೆ ಆಗಲೇ ಗೊತ್ತಿತ್ತು.

1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂತು. ಮರುವರ್ಷದಿಂದ ಹಂತಹಂತವಾಗಿ ಕಿಲೋ, ಲೀಟರು ಬಂದವು. ಸೇರು, ಪಾವು, ಚಟಾಕು ಕಾನೂನಿನ ಲೆಕ್ಕದಿಂದ ಹೊರಬಿದ್ದವು. ಗುಡ್ಡೆ ಮಾತ್ರ ಉಳಿಯಿತು.

ಸಂತೆಯ ಸೋವಿಗೆ ದೊಡ್ಡ ಕಾರಣ ಅದರ ತಿರುಗಾಟ. ಒಬ್ಬನೇ ವ್ಯಾಪಾರಿ ಇವತ್ತು ಇಲ್ಲಿ, ನಾಳೆ ಇನ್ನೊಂದೂರಿನಲ್ಲಿ ಟಾರ್ಪಾಲು ಹಾಸುತ್ತಾನೆ. ಅಂಗಡಿ ಬಾಡಿಗೆಯಿಲ್ಲ, ಮುಂಗಡವಿಲ್ಲ, ಕರೆಂಟು ಬಿಲ್ಲಿಲ್ಲ. ಹಳೇಬೀಡು ನಿಂತಿರುವ ಜಾಗವೂ ಇದಕ್ಕೆ ಒದಗಿದೆ: ಬೇಲೂರಿನ ಆಚೆಗೆ ಕಾಫಿ, ಮೆಣಸಿನ ಮಲೆನಾಡು, ಅರಸೀಕೆರೆಯ ಕಡೆಗೆ ರಾಗಿ, ತೆಂಗಿನ ಬಯಲು. ಎರಡೂ ಕಡೆಯ ಬೆಳೆಗೆ ಇದು ದೂರದ ಊರಲ್ಲ. ಇನ್ನು ಸೊಪ್ಪು, ತರಕಾರಿ ಮುಂದಿನ ವಾರಕ್ಕೆ ಉಳಿಯುವ ಮಾಲಲ್ಲ. ಹೊತ್ತು ಇಳಿದಂತೆ ದರ ಇಳಿಯುತ್ತದೆ. ಬಾಡಿದ್ದನ್ನು ಮನೆಗೆ ಹೊರುವುದಕ್ಕಿಂತ ಎರಡು ಗುಡ್ಡೆ ಸೇರಿಸಿ ಒಂದರ ದುಡ್ಡಿಗೆ ಕೊಡುವುದು ಲೇಸು. ಗ್ರಾಹಕನಿಗೆ ಅದು ಅಗ್ಗ ನಿಜ, ಆದರೆ ಬೆಳೆದವನ ಬೆವರಿನಿಂದ ಬಂದ ಅಗ್ಗ. ಸಂಜೆ ಸಂತೆಗೆ ಹೋಗಿ ಮತ್ತೂ ಚೌಕಾಸಿ ಮಾಡುವುದು ನನಗೆ ಸರಿಕಾಣದು.

ನಿಜವಾಗಿ ಚೌಕಾಸಿ ನಡೆಯಬೇಕಾದದ್ದು ಸುಂಕದ ಮೇಲೆ. ಹಳ್ಳಿಗಳಲ್ಲಿ ಸಂತೆ ಸುಂಕ ಎತ್ತುವ ಹಕ್ಕನ್ನು ಪಂಚಾಯಿತಿ ಹರಾಜು ಹಾಕುವುದು ರೂಢಿ. ಬಿಡ್ ಏರಿದಷ್ಟೂ ಹಿಡಿದವನು ಆ ದುಡ್ಡನ್ನು ಟಾರ್ಪಾಲುಗಳಿಂದಲೇ ಎತ್ತಬೇಕು. ವ್ಯಾಪಾರಿ ಅದನ್ನು ಗುಡ್ಡೆಯಿಂದ ತೆಗೆಯುತ್ತಾನೆ. ಹರಾಜಿನ ಮೊತ್ತ ಹೆಚ್ಚಿತೆಂದು ಪಂಚಾಯಿತಿ ಸಂತೋಷಪಟ್ಟರೆ ಸಾಲದು. ಯಾವ ಮಾಲಿಗೆ ಎಷ್ಟು ಸುಂಕ ಎಂಬ ಫಲಕ ಸಂತೆಮಾಳದ ಬಾಗಿಲಲ್ಲೇ ಇರಬೇಕು. ಒಂದು ಕುಕ್ಕೆ ಸೊಪ್ಪು ಹೊತ್ತು ತಂದವಳಿಂದ ಏನನ್ನೂ ಎತ್ತಬಾರದು.